ಕಾಲು ಇಂಚು

ಕ್ವಮ್‌ಬ್ರಾನ್ ಊರಾಚೆ, ತಗಡಿನ ಶೆಡ್ಡಿನೊಳಗೆ
ರೆಕ್ಕೆಯಿಲ್ಲದ ವಿಮಾನ: ಮೂರೇ ಸಾಲು, ಒಂಬತ್ತು ಸೀಟು.
ಕಿಟಕಿಯ ಜಾಗದಲ್ಲಿ ಮೋಡದ ಪೋಸ್ಟರು,
ಒಂದು ಮೂಲೆ ಕಿತ್ತು ಬಂದಿದೆ.

ಇಲ್ಲಿ ನನಗೆ ಸಂಬಳ
ಮನುಷ್ಯರ ಮೊಣಕಾಲಿನಿಂದ ಕೆಳಗಿನದಕ್ಕೆ ಮಾತ್ರ.
ಸೊಂಟ, ಬೆನ್ನು, ಕತ್ತು ಡೆಲಿತ್‌ಳ ಪಾಲು.
ನಮ್ಮ ಭಾಷೆಯಲ್ಲಿ ಕಾಲು ಅಂದರೆ ಕಾಲೂ ಹೌದು,
ನಾಲ್ಕರಲ್ಲೊಂದು ಭಾಗವೂ ಹೌದು
ಎಂದು ಒಮ್ಮೆ ಮೀಟಿಂಗಿನಲ್ಲಿ ಹೇಳಿದೆ.
ಯಾರೂ ನಗಲಿಲ್ಲ.

ಕಾಲಿಗೊಂದು ಕಾಲು ಇಂಚು ಕೇಳುತ್ತ ಮೂರು ವರ್ಷ.
ಸೀಟಿನಡಿ ಆ ಕಪ್ಪು ಡಬ್ಬಿ,
ಪರದೆಗೆ ಸಿನಿಮಾ ಉಣಿಸುವ ಡಬ್ಬಿ,
ಉಂಡಮೇಲೂ ಎದ್ದುಹೋಗದ ನೆಂಟನ ಹಾಗೆ
ನಟ್ಟನಡುವೆ ಕೂತಿದೆ.
ಸರಿಸಿದರೆ ವೈರು ಉದ್ದ,
ವೈರು ಉದ್ದವಾದರೆ ತೂಕ, ತೂಕ ಅಂದರೆ ಇಂಧನ,
ಇಂಧನ ಅಂದರೆ ನಾನು ಕಂಡಿರದ ಯಾರದೋ ಸಹಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕಟ್ಟಿದವನು
ಹಾಸಿಗೆ ಮಾರುವವನೇ ಇರಬೇಕು.

ಇವತ್ತು ಪರೀಕ್ಷೆ. ಒಂಬತ್ತು ಗಂಟೆ ಕೂತರೆ
ಐವತ್ತೈದು ಪೌಂಡು, ಮಧ್ಯಾಹ್ನದ ಊಟ.
ಪಾಂಟಿಪೂಲಿನ ಗ್ವಿಲಿಮ್, ನಿವೃತ್ತ ಬಸ್ ಡ್ರೈವರು;
ಹದಿಮೂರನೇ ನಂಬರಿನ ಬೂಟಿನ ಹುಡುಗ ರೋದ್ರಿ;
ರಾತ್ರಿಪಾಳಿ ಮುಗಿಸಿ ನೇರ ಬಂದ ನರ್ಸ್ ನೆರಿಸ್;
ಇನ್ನೂ ಆರು ಜನ.
ನಿಮ್ಮದೇ ಚೀಲ ತನ್ನಿ ಎಂದು ಬರೆದಿದ್ದೆವು.
ಗ್ವಿಲಿಮ್ ಬರಿಗೈಲಿ ಬಂದ.
"ಹೋಗೋದಾದರೂ ಎಲ್ಲಿಗೆ?"

ಚೀಲಗಳ ಪಟ್ಟಿ ನನ್ನ ಹತ್ತಿರವಿದೆ, ಉದ್ದ ಅಗಲ ಎತ್ತರ ಸಮೇತ.
ಹುಂಜ ಅದರಲ್ಲಿಲ್ಲ.
ಬೆಟಗೇರಿ ಬಸ್ಸಿನಲ್ಲಿ ಸೀಟಿನಡಿ ಕಟ್ಟಿದ್ದ ಹುಂಜವೊಂದು
ನನ್ನ ಹೆಬ್ಬೆರಳು ಕುಕ್ಕಿತ್ತು, ಆಗ ನನಗೆ ಏಳು ವರ್ಷ.
ಹೇಳಿಕೊಳ್ಳುವಂಥ ಅನುಭವ ನನಗಿದ್ದದ್ದು ಅದೊಂದೇ,
ಕೆಲಸದ ಅರ್ಜಿಯಲ್ಲಿ ಬರೆಯಲಿಲ್ಲ.

ನಿಮ್ಮ ಸೀಟಿನ ಕೆಳಗಿರುವುದು ನಿಮ್ಮದಲ್ಲ,
ಹಿಂದಿನವರದು. ನಿಮ್ಮ ಕಾಲಿರುವುದು
ಮುಂದಿನವರ ಅಡಿಯಲ್ಲಿ.
ಹೀಗೆ ಎಲ್ಲರೂ ಇನ್ನೊಬ್ಬರ ಕೆಳಗಿನ ಬಾಡಿಗೆದಾರರು.
ಮೊದಲ ಸಾಲಿನವರಿಗೆ ಗೋಡೆ.

ಮೂರನೇ ಗಂಟೆಗೆ ಟಾರ್ಚು ಹಿಡಿದು ನೆಲಕ್ಕೆ ಅಂಗಾತ ಮಲಗಿದೆ.
ಮೇಲೆ ಮುಖಗಳು ಇನ್ನೂ ಮರ್ಯಾದೆಯಲ್ಲಿವೆ,
ಕೆಳಗೆ ಪಾದಗಳು ಆಗಲೇ ಸೋತಿವೆ:
ಒಂದು ಇನ್ನೊಂದರ ಮೇಲೆ ಹತ್ತಿದೆ,
ಒಂದು ಡಬ್ಬಿಯನ್ನು ಒದ್ದು ನೋಡಿ ಸುಮ್ಮನಾಗಿದೆ,
ರೋದ್ರಿಯದು ಓಣಿಗೆ ಇಳಿದು
ನಾವು ತಳ್ಳುವ ಚಹಾದ ಗಾಡಿಗೆ ಕಾಯುತ್ತಿದೆ.

ನೆರಿಸ್ ಚಪ್ಪಲಿ ಬಿಟ್ಟಳು.
ಕಾಲುಚೀಲದ ತೂತಿನಿಂದ ಕಿರುಬೆರಳು ಇಣುಕಿತು.
ನಿಂತಿದ್ದ ಚೀಲವನ್ನು ಹಿಮ್ಮಡಿಯಿಂದ ಮೆಲ್ಲಗೆ ಕೆಡವಿ
ಅದರ ಮೇಲೆ ಎರಡೂ ಪಾದ ಇಟ್ಟು
ಉಸಿರು ಬಿಟ್ಟಳು, ನನಗೆ ಕೇಳುವಷ್ಟು.
ಆ ಚೀಲದಲ್ಲಿ ಪುಸ್ತಕವಿತ್ತು, ಬೆಳಿಗ್ಗೆ ನೋಡಿದ್ದೆ.
ನನ್ನ ಬಲಗೈ ತಾನಾಗಿ ಕಣ್ಣಿನ ತನಕ ಹೋಗಿ
ಅರ್ಧಕ್ಕೆ ನಿಂತಿತು.

ನನ್ನ ನಕ್ಷೆಯಲ್ಲಿ ಎರಡು ಕಾಲಮ್ಮು: ಪಾದ, ಚೀಲ.
ಒಂದು ಹಿಗ್ಗಿದರೆ ಇನ್ನೊಂದು ಕುಗ್ಗಬೇಕು.
ಮೂರು ವರ್ಷ ಈ ಸವತಿಯರ ಜಗಳ ಬಿಡಿಸಿದ್ದೇ ಬಂತು,
ಈಕೆ ಒಬ್ಬಳನ್ನು ಇನ್ನೊಬ್ಬಳ ತೊಡೆಯ ಮೇಲೆ ಮಲಗಿಸಿಬಿಟ್ಟಳು.
ಪೆನ್ಸಿಲು ತೆಗೆದು, ಮಲಗಿಕೊಂಡೇ,
ಅಂಗೈ ಮೇಲೆ ಒಂದು ಇಳಿಜಾರು ಗೆರೆ ಎಳೆದೆ.
ತೂಕ ಎಷ್ಟಾದೀತು ಎಂದು ನಾಳೆ ಕೇಳುತ್ತಾರೆ.
ನಾಳೆ.

ಒಂಬತ್ತು ಗಂಟೆ ಮುಗಿದು ದೀಪ ಹಾಕಿದಾಗ
ಗ್ವಿಲಿಮ್ ಎಚ್ಚರಾಗಿ, "ಯಾವ ಊರು?" ಅಂದ.
ಕ್ವಮ್‌ಬ್ರಾನ್ ಅಂದೆ.
"ಟೈಮಿಗೆ ಸರಿಯಾಗಿ ಬಂದಿದೆ" ಅಂದ.

ಎಡಗಾಲಿನ ಬೂಟು ಸಿಗಲಿಲ್ಲ.
ಯಾರ ಯಾರ ಕಾಲೋ ತಾಗಿ ತಾಗಿ
ಮೊದಲ ಸಾಲಿನ ಗೋಡೆಗೆ ಹೋಗಿ ನಿಂತಿತ್ತು.
ತೆವಳಿ ಹೋಗಿ ತಂದುಕೊಟ್ಟೆ. ಹತ್ತಲಿಲ್ಲ.
ಟೇಪು ಸುತ್ತಿದೆ, ಬೆಳಗಿನ ಅಳತೆಗಿಂತ
ಕಾಲು ಇಂಚು ಜಾಸ್ತಿ.

ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡು
ಒಂದು ಕಾಲುಚೀಲ, ಒಂದು ಬೂಟಿನಲ್ಲಿ
ಬಸ್ ಸ್ಟಾಪಿನ ಕಡೆ ಹೊರಟ.
ಐವತ್ತೈದು ಪೌಂಡಿನ ಕವರು ಸೀಟಿನ ಮೇಲೇ ಉಳಿದಿತ್ತು,
ಕೈಲಿ ಹಿಡಿದು ಅವನ ಹಿಂದೆ ಓಡಿದೆ.